ಸಹಿ ಮಾಡಬೇಡಿ ಎಂದವನು

ಅವಳ ಪೆನ್ನಿನ ತುದಿ ಕಾಗದವನ್ನು ಮುಟ್ಟುವಷ್ಟರಲ್ಲಿ ಎದುರಿನವನ ಕೈ ಅಡ್ಡ ಬಂತು.

“ಇವತ್ತು ಸಹಿ ಮಾಡಬೇಡಿ.”

ಬಹಳ ಮೆಲುದನಿ. ಆದರೂ ಅವಳ ಪೆನ್ನು ಅಲ್ಲೇ ನಿಂತಿತು!

ಮನೆ ಮಾರುವ ಆ ಕಚೇರಿಯಲ್ಲಿ ಕರಾರುಪತ್ರ ಸಿದ್ಧಪಡಿಸುವ ಗುಮಾಸ್ತ ಅವನು. ಮಾತು ಕಡಿಮೆಯಾದ್ದರಿಂದ ಸಹೋದ್ಯೋಗಿಗಳು ಇಟ್ಟ ಹೆಸರು ಮೌನಿ. ಅವಳು ಎರಡು ಬೀದಿಯಾಚೆ ಗಡಿಯಾರ ರಿಪೇರಿಯ ಅಂಗಡಿ ಇಟ್ಟವಳು; ಸುತ್ತಮುತ್ತಲಿನವರಿಗೆಲ್ಲ ವಾಚಕ್ಕ. ‘ಬಡ್ಡಿಯೇ ಇಲ್ಲದ ಸಾಲ, ಸ್ವಂತ ಮನೆ!’ ಎಂಬ ಜಾಹೀರಾತನ್ನು ನಂಬಿ, ಎರಡು ವಾರದ ಹಿಂದೆ ಮನೆ ನೋಡಿಹೋಗಿ, ಇವತ್ತು ಹತ್ತು ವರ್ಷದ ಉಳಿತಾಯವನ್ನು ಮುಂಗಡವಾಗಿ ಕೊಡಲು ಬಂದಿದ್ದಳು.

“ಯಾಕೆ?”

ಅಷ್ಟರಲ್ಲಿ ಮ್ಯಾನೇಜರ್ ಬಂದ. ಮೌನಿ ಕರಾರಿನ ಪ್ರತಿಯನ್ನು ಅವಳ ಕೈಗಿತ್ತು, “ಮನೆಗೆ ಒಯ್ದು ಓದಿಕೊಂಡು ಬರಲಿ ಸರ್,” ಎಂದ.

“ಶನಿವಾರದೊಳಗೆ ಬನ್ನಿ ಮೇಡಂ. ಈ ಮನೆಗೆ ಜನ ಸಾಲುಗಟ್ಟಿ ನಿಂತಿದ್ದಾರೆ!”

ಬಾಗಿಲಲ್ಲಿ ತಿರುಗಿ ನೋಡಿದಳು. ಮೌನಿ ಅದೇ ಮನೆಯದೆಂದು ತೋರಿದ ನಕ್ಷೆಯನ್ನು ಯಾರೋ ದಂಪತಿಯ ಮುಂದೆ ಹರಡಿ, ಏನನ್ನೋ ಪಿಸುಗುಡುತ್ತಿದ್ದ.

‘ಓಹೋ... ಇದಕ್ಕೇನಾ!’

ಅಂಗಡಿಯಲ್ಲಿ ಅಮ್ಮ ಕಾದಿದ್ದರು. “ಸಹಿ ಆಯ್ತಾ?”

“ಒಬ್ಬ ಅಡ್ಡಗಾಲು ಹಾಕಿದ. ಮನೇನ ಬೇರೆಯವರಿಗೆ ಕೊಡಿಸೋಕಿರಬೇಕು.”

“ಹಾಗಿದ್ರೆ ಕರಾರನ್ನ ನಿನ್ನ ಕೈಗೆ ಯಾಕೆ ಕೊಟ್ಟು ಕಳಿಸ್ತಾನೆ? ನೋಡೋಕೆ ಹೇಗಿದ್ದ?”

“ಅಮ್ಮಾ!”

ಆದರೆ ಪ್ರಶ್ನೆ ಮನಸ್ಸಿನಲ್ಲಿ ಕೂತುಬಿಟ್ಟಿತು. ಯಾಕೆ ಕೊಟ್ಟ?

ಕೆಲಸದ ಭೂತಗನ್ನಡಿಯನ್ನು ಕಣ್ಣಿಗೊತ್ತಿ ಹಾಳೆ ಹಾಳೆಯನ್ನೂ ಓದಿದಳು. ಕೊನೆಯ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳು: ‘ಬಡ್ಡಿರಹಿತ ಸಾಲವು ಹಣಕಾಸು ಸಂಸ್ಥೆಯ ಒಪ್ಪಿಗೆಗೆ ಒಳಪಟ್ಟಿದೆ. ಸಾಲ ದೊರೆಯದಿದ್ದರೂ ಮುಂಗಡ ಹಿಂತಿರುಗಿಸಲಾಗುವುದಿಲ್ಲ.’

ಸಾಸಿವೆಗಿಂತ ಸಣ್ಣ ತಿರುಪುಗಳನ್ನು ದಿನವಿಡೀ ಹುಡುಕುವ ಕಣ್ಣು, ಜಾಹೀರಾತಿನ ದಪ್ಪಕ್ಷರಕ್ಕೆ ಸೋತಿತ್ತು!

ಮರುದಿನ ಗ್ರಾಹಕ ಸಲಹಾ ಕೇಂದ್ರಕ್ಕೆ ಹೋದಳು. ಅಲ್ಲಿನ ಹಿರಿಯ ವಕೀಲೆ ಕರಾರನ್ನು ಓದಿ ಕನ್ನಡಕ ತೆಗೆದರು.

“ಸಹಿ ಮಾಡಿ ಆಮೇಲೆ ಜಗಳ ಆಡೋದಕ್ಕಿಂತ ಮೊದಲೇ ಬರೆಸಿಕೊಳ್ಳೋದು ಲೇಸು ಮಗಳೇ. ‘ಬಡ್ಡಿ ಇಲ್ಲದ ಸಾಲ ಸಿಗದಿದ್ದರೆ ಕರಾರು ರದ್ದು, ಮುಂಗಡ ಪೂರ್ತಿ ವಾಪಸ್’ ಅನ್ನೋ ಮಾತು ಸೇರಿಸಿ ಅಂತ ಕೇಳು. ಕೇಳೋದು ನಿನ್ನ ಹಕ್ಕು, ಭಿಕ್ಷೆ ಅಲ್ಲ.” ಆಮೇಲೆ ಕುತೂಹಲದಿಂದ ನೋಡಿದರು. “ವಾಚ್ ರಿಪೇರಿ ಮಾಡೋಳು ನೀನೇನಾ? ಹೋದ ವಾರ ಒಬ್ಬ ಬಂದು ಇದನ್ನೇ ಕೇಳಿದ್ದ. ‘ನನಗಲ್ಲ, ವಾಚ್ ರಿಪೇರಿಯವರೊಬ್ರು ಮೋಸ ಹೋಗಬಾರದು’ ಅಂತ. ಬಾಯಲ್ಲಿ ಮಾತೇ ಹೊರಡಲ್ಲ, ಪಾಪ!”

ಅವಳಿಗೆ ಕೂತ ಕುರ್ಚಿಯೇ ಅಲುಗಿದಂತಾಯಿತು...

ಶನಿವಾರ ಅವಳ ಬೇಡಿಕೆ ಕೇಳಿ ಮ್ಯಾನೇಜರ್ ನಕ್ಕ. “ಸಾಲ ಸಿಕ್ಕೇ ಸಿಗುತ್ತೆ ಮೇಡಂ. ಏನ್ರೀ ಮೌನಿ, ಹೇಳ್ರೀ!”

ಎಲ್ಲರ ಕಣ್ಣೂ ಅವನ ಮೇಲೆ. ಅವನ ಕೆಲಸ ಒಂದು ಮಾತಿನ ಮೇಲೆ ನಿಂತಿತ್ತು.

“ಒಪ್ಪಿಗೆ ಇನ್ನೂ ಬಂದಿಲ್ಲ ಸರ್. ಅವರು ಕೇಳ್ತಿರೋದು ನ್ಯಾಯ.”

ಪಕ್ಕದಲ್ಲಿದ್ದ ಆ ದಂಪತಿಯೂ ಎದ್ದು ನಿಂತರು. “ನಮಗೂ ಮೊನ್ನೆ ಇವರು ಅದನ್ನೇ ಹೇಳಿದ್ರು. ನಮ್ಮ ಮನೆ ಬೇರೆಯಾದ್ರೂ ಕರಾರು ಒಂದೇ ಥರ. ನಮ್ಮದರಲ್ಲೂ ಬರೀರಿ!”

ಹಾಗಾದರೆ ಆ ಪಿಸುಮಾತು... ಅವಳು ತಲೆ ತಗ್ಗಿಸಿದಳು. ಮ್ಯಾನೇಜರ್ ಹಾಗಲಕಾಯಿ ಜಗಿದವನಂತೆ ಮುಖ ಮಾಡಿ, ಆ ಷರತ್ತನ್ನು ಬರೆಸಿಕೊಟ್ಟ. ಅವಳು ಸಹಿ ಹಾಕಿ ಮುಂಗಡ ಕೊಟ್ಟಳು.

ನಲವತ್ತು ದಿನಗಳ ಮೇಲೆ ಹಣಕಾಸು ಸಂಸ್ಥೆ ಕೈಯೆತ್ತಿತು. ಮನೆ ಹೋಯಿತು, ಮುಂಗಡ ಮಾತ್ರ ಒಂದು ಕಾಸೂ ಕಡಿಮೆಯಾಗದೆ ಉಳಿಯಿತು. ಚೆಕ್ ಹಿಡಿದು ಮೌನಿಯೇ ಅಂಗಡಿಗೆ ಬಂದ.

“ಕೆಲಸ ಇದೆಯಾ ಇನ್ನೂ?”

“ಇವತ್ತಿಗೆ ಬಿಟ್ಟೆ. ಸೋಮವಾರದಿಂದ ಸಲಹಾ ಕೇಂದ್ರದಲ್ಲಿ. ಸಂಬಳ ಕಡಿಮೆ... ಆದ್ರೆ ಅಲ್ಲಿ ಮಾತಾಡಬಹುದು.”

“ನಿಮ್ಮನ್ನ ತಪ್ಪು ತಿಳಿದಿದ್ದೆ.” ಅವಳು ಭೂತಗನ್ನಡಿ ಕೆಳಗಿಟ್ಟಳು. “ಒಂದು ಕೇಳ್ಲಾ? ಅಷ್ಟು ಜನ ಬರ್ತಾರೆ. ನನಗೋಸ್ಕರ ಯಾಕೆ ಅಲ್ಲಿವರೆಗೂ ಹೋದ್ರಿ?”

ಅವನು ಚೆಕ್ಕನ್ನು ಮೇಜಿನ ಮೇಲೆ ನೇರ ಮಾಡಿಟ್ಟ.

“ನೀವು ಮನೆ ನೋಡೋಕೆ ಬಂದ ದಿನ ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿದ್ದವನು ನಾನೇ; ನೀವು ಗಮನಿಸಲಿಲ್ಲ. ಬೇರೆಯವರು ಗೋಡೆ ತಟ್ತಾರೆ, ನಲ್ಲಿ ತಿರುಗಿಸ್ತಾರೆ. ನೀವು ಖಾಲಿ ಕೋಣೇಲಿ ಕೂತು, ಬಿಸಿಲು ನೆಲದ ಮೇಲೆ ಸರಿಯೋದನ್ನ ಅರ್ಧ ಗಂಟೆ ನೋಡಿದ್ರಿ. ಇವರಿಗೆ ನೋವಾಗಬಾರದು ಅನ್ನಿಸ್ತು. ಆಮೇಲಿಂದ... ಯಾವ ಮನೆ ನೆನೆಸಿಕೊಂಡ್ರೂ ಅದರೊಳಗೆ ನೀವು ಕೂತಿರ್ತೀರಿ.”

ಅವಳ ಕಣ್ಣು ತುಂಬಿ ಬಂತು.

“ಇನ್ನೊಂದು ಮನೆ ಹುಡುಕಬೇಕು. ಜೊತೆಗೆ ಬರ್ತೀರಾ?”

“ಕರಾರು ಓದೋಕಾ?”

“ಅಲ್ಲ... ಇರೋಕೆ.”

ಒಳಗಿನಿಂದ ಅಮ್ಮನ ದನಿ: “ಅಯ್ಯೋ, ಉತ್ತರ ಹೇಳಪ್ಪಾ! ಅವಳು ಬಾಯಿಬಿಟ್ಟು ಇಷ್ಟು ಕೇಳಿದ್ದೇ ಹೆಚ್ಚು!”

“ಬರ್ತೀನಮ್ಮಾ,” ಎಂದ ಅವನು. ಉತ್ತರ ತಾಯಿಗೆ, ನೋಟ ಮಾತ್ರ ಮಗಳನ್ನು ಬಿಟ್ಟು ಕದಲಲಿಲ್ಲ.