ಒಂದೇ ನಂಬರಿನ ಎರಡು ಇಂಜಿನ್

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ ಠಾಣೆಗೆ ಬಂದ. ಅವನ ಅಂಗೈಯಲ್ಲಿ ಗುಳ್ಳೆಗಳು ಎದ್ದಿದ್ದವು. ಶೆಡ್ಡಿನಲ್ಲಿದ್ದ ಆಂಬುಲೆನ್ಸಿನ ಇಂಜಿನ್ ರಾತ್ರಿ ಕಳುವಾಗಿತ್ತು. ಬೆಳಗಿನ ಜಾವ ಹೆರಿಗೆ ನೋವು ಬಂದವಳನ್ನು ತರಕಾರಿ ತಳ್ಳುಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತಂದಿದ್ದರು. ತಾಯಿ ಬದುಕಿದಳು, ಮಗು ಉಳಿಯಲಿಲ್ಲ.

"ಶೆಡ್ಡಿನ ಕೀ ನನ್ನ ಹತ್ರ ಒಂದು, ಮೇಲ್ವಿಚಾರಕರ ಹತ್ರ ಒಂದು ಸಾರ್. ನಾನೇ ಮಾರ್ಕೊಂಡೆ ಅಂತಿದಾರೆ ಅವರು. ಮಗೂನ ಕೊಂದೋನು ಅಂತ ಜನ ನನ್ನ ಮುಖ ನೋಡ್ತಿಲ್ಲ."

ಎಫ್‌ಐಆರ್ ದಾಖಲಿಸಿ, ಇನ್ಸ್‌ಪೆಕ್ಟರ್ ಶೆಡ್ಡಿನಲ್ಲಿ ಪಂಚನಾಮೆ ನಡೆಸಿದರು. ಆಸ್ಪತ್ರೆಯ ವಾಹನ ಮೇಲ್ವಿಚಾರಕ ಪಕ್ಕದಲ್ಲೇ ನಿಂತಿದ್ದ.

"ಗುಜರಿಗೆ ಹೋಗಿರುತ್ತೆ ಬಿಡಿ. ಡ್ರೈವರ್‌ಗೆ ನಾಲ್ಕು ಬಿಗೀರಿ, ಬಾಯಿ ಬಿಡ್ತಾನೆ."

ಇನ್ಸ್‌ಪೆಕ್ಟರ್ ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. ಒಂದು ವೈರನ್ನೂ ಕತ್ತರಿಸಿರಲಿಲ್ಲ. ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಯನ್ನೂ ಸೇರಿಸಿ ಎಲ್ಲವನ್ನೂ ಜೋಪಾನವಾಗಿ ಬಿಚ್ಚಿ ಒಯ್ದಿದ್ದರು.

"ಗುಜರಿ ಕಳ್ಳನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರ್ಬೇಕು?" ಎಂದು ದಫೇದಾರರನ್ನು ಪಕ್ಕಕ್ಕೆ ಕರೆದರು. "ಇದು ಇನ್ನೊಂದು ಗಾಡಿ ಸೇರುತ್ತೆ. ಕೂರಿಸೋಕೆ ಹೊಸ ಬ್ರಾಕೆಟ್ ಮಾಡಿಸ್ಲೇಬೇಕು. ವೆಲ್ಡಿಂಗ್ ಅಂಗಡಿಗಳಲ್ಲಿ ವಿಚಾರಿಸಿ."

ದಫೇದಾರರು ವಾರಗಟ್ಟಲೆ ಅಲೆದರು. ಕೊನೆಗೊಬ್ಬ ವೆಲ್ಡರ್, "ಮಾಡ್ಕೊಟ್ಟಿದೀನಿ. ಆಸ್ಪತ್ರೆ ಮೇಲ್ವಿಚಾರಕರ ಹಳೇ ಪಿಕಪ್‌ಗೆ" ಎಂದ.

ದಫೇದಾರರ ಪಿತ್ತ ನೆತ್ತಿಗೇರಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲದೆ, ಕಾಯುವವನನ್ನೇ ಕಳ್ಳ ಎಂದಿತ್ತು!

ಮೇಲ್ವಿಚಾರಕನ ಅಂಗಳದಲ್ಲಿ ಅವನ ಅಪ್ಪನ ಪಿಕಪ್ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಒಳಗಿದ್ದದ್ದು ಈ ಕಾಲದ ಇಂಜಿನ್.

"ಯಾವಾಗ ಹಾಕಿಸಿದ್ದು?"

"ಅಪ್ಪ ಇದ್ದಾಗಲೇ ಸಾರ್. ಈಗ ಬ್ರಾಕೆಟ್ ಮಾತ್ರ ಬದಲಾಯಿಸ್ದೆ. ಆರ್‌ಸಿ ತಗೊಳ್ಳಿ, ನಂಬರ್ ತಾಳೆ ನೋಡಿ."

ನಂಬರ್ ತಾಳೆಯಾಯಿತು. ಆದರೆ ಅಂಕಿಗಳ ಸುತ್ತ ಉಜ್ಜಿದ ಗುರುತಿತ್ತು. ಇನ್ಸ್‌ಪೆಕ್ಟರ್ ಮನೆಯೊಳಗೆ ಹೋದರು. ಹಜಾರದಲ್ಲಿ, ಅಪ್ಪನ ಫೋಟೋದ ಕೆಳಗೆ, ಮರದ ಪೀಠದ ಮೇಲೆ ಒಂದು ಹಳೆಯ ಇಂಜಿನ್ ಎಣ್ಣೆ ಸವರಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಅದರ ಮೇಲೂ ಅದೇ ನಂಬರ್.

"ಇದು?"

"ಅಪ್ಪನ ಗಾಡೀದು... ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ; ಆರ್‌ಸಿಯ ನಂಬರ್ ಈ ಹಳೆಯ ಇಂಜಿನ್ನಿನದು, ಪಿಕಪ್ಪಿನಲ್ಲಿದ್ದದ್ದರ ಮೇಲೆ ಅದನ್ನು ಹೊಸದಾಗಿ ಕೊರೆಸಿದ್ದು ಎಂದು ತಾನೇ ಒಪ್ಪಿಕೊಂಡಂತಾಗಿತ್ತು. ಉಸಿರಿಲ್ಲದ ಕಬ್ಬಿಣಕ್ಕೆ ಪೀಠ ಹಾಕಿದ ಈ ಮಹಾನುಭಾವನಿಗೆ, ಬಸುರಿಯರನ್ನು ಹೊತ್ತು ಓಡುವ ಗಾಡಿಯ ಒಡಲು ಬಗೆಯಲು ಮಾತ್ರ ಮನಸ್ಸು ಬಂದಿತ್ತು. ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಿ ಠಾಣೆಗೆ ತಂದರು. ಚಾಲಕನನ್ನೂ ಕರೆಸಿದ್ದರು.

"ಯಾಕೆ ಮಾಡಿದ್ರಿ?"

"ಹಳೇ ಗಾಡಿಗಳ ಮೆರವಣಿಗೇಲಿ ದಿಬ್ಬದ ಮೇಲೆ ನಿಂತೋಯ್ತು ಸಾರ್. ಎಲ್ಲರ ಮುಂದೆ ಅಪ್ಪನ ಗಾಡೀನ ತಳ್ಕೊಂಡು ಹೋದೆ. ಜನ ನಕ್ಕರು. ಇನ್ನೊಂದ್ಸಲ ತಳ್ಳೋ ಗತಿ ಬರಬಾರದು ಅಂತ..."

ಬಾಗಿಲ ಬಳಿ ನಿಂತಿದ್ದ ಚಾಲಕ ತನ್ನ ಅಂಗೈ ನೋಡಿಕೊಂಡ. ಗುಳ್ಳೆಗಳು ಒಣಗಿದ್ದವು.

"ಅವತ್ತು ಆ ತಳ್ಳುಗಾಡೀನ ದಿಬ್ಬ ಹತ್ತಿಸಿದ್ದು ನಾನೇ ಸಾರ್" ಎಂದ. "ಯಾರೂ ನಗ್ಲಿಲ್ಲ."