ಎಡಸೀಟಿನ ಬೋಲ್ಟು

ಗೇರ್ ಎಣ್ಣೆಯ ವಾಸನೆ ಇನ್‌ಸ್ಪೆಕ್ಟರ್ ಕೊಟ್ರಬಸಪ್ಪನವರಿಗೆ ಅಪ್ಪನ ವಾಸನೆ. ಹರಿಹರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಂದೆ ಸಂಜೆ ಮನೆಗೆ ಬಂದು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಸೋಪು ಹಾಕಿ ತೊಳೆದ ಮೇಲೂ, ಮಗನ ತಲೆ ನೇವರಿಸುವಾಗ ಗಂಧಕದಂಥ ಆ ಕಮಟು ಬೆರಳುಗಳಲ್ಲಿ ಉಳಿದೇ ಇರುತ್ತಿತ್ತು. 2003ರ ಸೆಪ್ಟೆಂಬರ್ 16, ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಅದೇ ವಾಸನೆ ಠಾಣೆಯೊಳಗೆ ಬಂತು. ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಸೀರೆಯ ಅಂಚು ಎಣ್ಣೆಯಲ್ಲಿ ತೊಯ್ದಿತ್ತು. ಎಣ್ಣೆಯ ಜೊತೆ ರಕ್ತವೂ ಇತ್ತು.

ಗೋಪಾಳದ ಸುಷ್ಮಾ ಎಂದು ಹೆಸರು ಹೇಳಿದಳು. ಹೇಳುತ್ತಲೇ ಅಳತೊಡಗಿದಳು. ಹೆಡ್ ಕಾನ್‌ಸ್ಟೇಬಲ್ ಮಾರಪ್ಪ ತನ್ನ ಕುರ್ಚಿಯನ್ನೇ ಅವಳ ಕಡೆ ಸರಿಸಿ, ನೀರಿನ ಲೋಟ ಕೈಗೆ ಕೊಟ್ಟು, ಅವಳು ಅಳು ಮುಗಿಸುವ ತನಕ ಗೋಡೆ ನೋಡುತ್ತ ನಿಂತ. ಆಮೇಲೆ ದೂರು ಬರೆದುಕೊಂಡರು. ಅವಳ ಗಂಡ ಹರ್ಷವರ್ಧನ, ಮೂವತ್ತನಾಲ್ಕು ವರ್ಷ, ಸವಳಂಗ ರಸ್ತೆಯ ತನ್ನ ಶೆಡ್ಡಿನಲ್ಲಿ ಕೊಲೆಯಾಗಿ ಬಿದ್ದಿದ್ದಾನೆ. ಅಲ್ಲಿದ್ದ ಜೀಪು ಕಾಣುತ್ತಿಲ್ಲ. ಜೀಪಿನ ಕೆಲಸವಿದ್ದ ದಿನ ಅವನು ಶೆಡ್ಡಿನಲ್ಲೇ ಮಲಗುವುದು ರೂಢಿ. ಹಾಗಾಗಿ ರಾತ್ರಿ ಅವಳು ಹುಡುಕಿರಲಿಲ್ಲ. ಕೊಲೆ ಮತ್ತು ದರೋಡೆಯೆಂದು ಎಫ್‌ಐಆರ್ ದಾಖಲಾಯಿತು.

ಶೆಡ್ಡಿನಲ್ಲಿ ಹರ್ಷವರ್ಧನ ಬೋರಲಾಗಿ ಬಿದ್ದಿದ್ದ. ಪಕ್ಕದಲ್ಲಿ ಗಾಡಿಯ ಸ್ಪ್ರಿಂಗ್ ಕಟ್ಟಿನಿಂದ ಬಿಚ್ಚಿದ ಮೊಳದುದ್ದದ ಉಕ್ಕಿನ ಪಟ್ಟಿ ಇತ್ತು. ಮೊದಲ ಏಟು ಕಿವಿಯ ಹಿಂದೆ ಬಿದ್ದಿತ್ತು. ಅಷ್ಟಕ್ಕೇ ಜೀವ ಹೋಗಿರಬೇಕು ಎಂದರು ವೈದ್ಯರು. ಆದರೆ ಹೊಡೆದವನು ನಿಲ್ಲಿಸಿರಲಿಲ್ಲ. ತಲೆಬುರುಡೆ ಹಿಂಭಾಗದಲ್ಲಿ ಕುಸಿದಿತ್ತು, ಬಲಗೈಯ ಎಲುಬು ಎರಡು ಕಡೆ ಚರ್ಮ ಸೀಳಿ ಹೊರಬಂದಿತ್ತು. ಗೋಡೆಯಲ್ಲಿ ತೂಗುಹಾಕಿದ್ದ ಸ್ಪ್ಯಾನರುಗಳ ಮೇಲೆ ಕೂಡ ರಕ್ತ ಸಿಡಿದು ಒಣಗಿತ್ತು.

ಗೋಡೆಯ ತುಂಬ ಆ ಜೀಪಿನದೇ ಫೋಟೋಗಳು. ಮಿಲಿಟರಿ ಡಿಸ್ಪೋಸಲ್ ಹರಾಜಿನಲ್ಲಿ ಕೊಂಡ ಹಳೆಯ ಫೋರ್ ವೀಲ್ ಜೀಪು. ಕಾಡುದಾರಿಯ ಸ್ಪರ್ಧೆಗೆಂದು ಅದರ ಬಾಡಿಯನ್ನು ಎತ್ತರಿಸಿ, ದಪ್ಪ ಉಬ್ಬುಹಲ್ಲಿನ ಟೈರು ಹಾಕಿ, ಹಳ್ಳದ ನೀರು ನುಗ್ಗದಂತೆ ಸೈಲೆನ್ಸರ್ ಕೊಳವೆಯನ್ನು ಗಾಜಿನ ಮಟ್ಟಕ್ಕೆ ಏರಿಸಿದ್ದರು. ಮಗುಚಿದರೆ ಒಳಗಿನವರ ತಲೆ ಉಳಿಯಲೆಂದು ಮೇಲೆ ಪೈಪಿನ ಪಂಜರವೂ ಇತ್ತು.

ಪಂಚನಾಮೆ ಬರೆಯುವಾಗ ಕೊಟ್ರಬಸಪ್ಪ ನೆಲಕ್ಕೆ ಕುಕ್ಕರಿಸಿದರು. ಜೀಪು ನಿಂತಿದ್ದ ಜಾಗದ ನಾಲ್ಕು ಮೂಲೆಯಲ್ಲಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದವು. ರಿಪೇರಿಯಾದ ಗಾಡಿಯನ್ನು ಮೊದಲ ಸಲ ಹೊರತೆಗೆಯುವಾಗ ಚಕ್ರದಡಿ ಇಡುವ ಹಣ್ಣುಗಳು. ಮೂರು ಬರಿ ನೆಲದ ಮೇಲಿದ್ದವು. ಹಿಂದಿನ ಎಡಚಕ್ರದ ಹಣ್ಣು ರಕ್ತದ ಮೇಲಿತ್ತು. ಅವರು ಬ್ಲೇಡಿನಿಂದ ಸಿಪ್ಪೆ ಎಬ್ಬಿಸಿದರು. ಕೆಳಗೂ ರಕ್ತವಿತ್ತು, ಹಣ್ಣು ಇಡುವ ಮೊದಲೇ ಕೆನೆಗಟ್ಟಿದ್ದ ರಕ್ತ.

"ಮಾರಪ್ಪ, ಇದನ್ನ ಸತ್ತವರು ಇಟ್ಟಿಲ್ಲ. ಅವರು ಸತ್ತು, ರಕ್ತ ಹರಿದು ಹೆಪ್ಪುಗಟ್ಟಿದ ಮೇಲೆ ಯಾರೋ ಇಟ್ಟು ಗಾಡಿ ತೆಗೆದಿದಾರೆ."

"ಕೊಂದೋನು ಪೂಜೆ ಬೇರೆ ಮಾಡಿದ್ನಾ ಸಾರ್?"

ಕೊಟ್ರಬಸಪ್ಪ ಉತ್ತರಿಸುವ ಮೊದಲೇ ವೈರ್‌ಲೆಸ್ ಕರೆಯಿತು. ಸಬ್‌ಇನ್‌ಸ್ಪೆಕ್ಟರ್ ವಿಜಯಕುಮಾರ್ ಭದ್ರಾವತಿಯಲ್ಲಿ ಆರೋಪಿಯನ್ನು ಹಿಡಿದಿದ್ದರು.

ಹಿಡಿದದ್ದು ಮುರುಗೇಶನನ್ನು. ಭದ್ರಾವತಿ ನ್ಯೂಟೌನಿನ ಅಂಚಿನಲ್ಲಿ ಹಳೇ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುವವನು. ಅವನು ಕೊಟ್ಟ ಗೇರ್‌ಬಾಕ್ಸಿನ ಹಲ್ಲು ಮುರಿದಿತ್ತೆಂದು ಭಾನುವಾರ ಹರ್ಷವರ್ಧನ ಅವನನ್ನು ಶೆಡ್ಡಿಗೆ ಕರೆಸಿ, ನಾಲ್ಕು ಜನರೆದುರು ಕೆನ್ನೆಗೆ ಹೊಡೆದಿದ್ದ. ಮುರುಗೇಶ ತುಟಿಯ ರಕ್ತ ಒರೆಸಿಕೊಂಡು, "ನೋಡ್ಕೊಳ್ತೀನಿ" ಎಂದು ಹೋಗಿದ್ದ. ಆ ಒಂದು ಮಾತು ಸಾಕಾಗಿತ್ತು. ಪೊಲೀಸರು ತಲುಪುವ ಮೊದಲೇ ಹರ್ಷವರ್ಧನನ ಗೆಳೆಯರು ಅವನ ಅಂಗಳಕ್ಕೆ ನುಗ್ಗಿ, ತಗಡಿನ ಮಾಡು ಕೆಡವಿ, ಅವನನ್ನು ಬೀದಿಯುದ್ದಕ್ಕೂ ಎಳೆದು ತುಳಿದಿದ್ದರು. ಉಳಿದದ್ದನ್ನು ತಮ್ಮ ಠಾಣೆಗೆ ಕರೆತಂದ ಮೇಲೆ ವಿಜಯಕುಮಾರ್ ಮುಂದುವರಿಸಿದ್ದರು.

ಕೊಟ್ರಬಸಪ್ಪ ಠಾಣೆಗೆ ಮರಳಿ ಒಳಗೆ ಹೋದಾಗ ಮುರುಗೇಶನ ಎರಡೂ ಅಂಗೈ ಮೇಜಿನ ಮೇಲಿದ್ದವು. ಬೆರಳುಗಳು ಬಾತು ನೇರಳೆಗೆ ತಿರುಗಿದ್ದವು. ಎರಡು ಉಗುರು ಇರಲಿಲ್ಲ.

"ಲಾಠಿ ಕೆಳಗಿಡಿ."

"ಸಂಜೆ ಒಳಗೆ ಬಾಯಿ ಬಿಡ್ತಾನೆ ಸಾರ್. ನಾಳೆ ಕೋರ್ಟಿಗೆ ಹಾಜರು ಮಾಡಿದ್ರೆ ಕೇಸ್ ಮುಗೀತು."

"ಇನ್ನೊಂದು ಗಂಟೆ ಹೊಡೆದ್ರೆ ನಾನೂ ಬಾಯಿ ಬಿಡ್ತೀನಿ, ವಿಜಯಕುಮಾರ್. ಬಿಚ್ಚಿ ಮಾರೋಕೆ ಒಯ್ಯೋ ಗಾಡಿಗೆ ಇವನು ನಿಂಬೆಹಣ್ಣು ಇಡ್ತಾನಾ?"

ವಿಜಯಕುಮಾರ್ ಕಿಟಕಿ ತೋರಿಸಿದರು. ಗೇಟಿನ ಹೊರಗೆ ಜನ ಸೇರಿದ್ದರು. ಅವನನ್ನು ಬಿಟ್ಟರೆ ಬೀದಿಯಲ್ಲೇ ಮುಗಿಸುತ್ತಾರೆ, ಬಿಡದಿದ್ದರೆ ನಾಳೆ ಅವನೇ ಕೊಲೆಗಾರ. ಗೇಟಿನ ಒಳಗೆ, ಬೇವಿನ ಮರದ ಬುಡದಲ್ಲಿ, ಮುರುಗೇಶನ ಹೆಂಡತಿ ಕನಗ ಕೂತಿದ್ದಳು. ಹೊರಗಿನಿಂದ ಕಲ್ಲೊಂದು ಬಂದು ಅವಳ ಭುಜಕ್ಕೆ ಬಡಿಯಿತು. ಅವಳು ಭುಜ ಒತ್ತಿಕೊಂಡು ಅಲ್ಲೇ ಕೂತಳು. ಪಹರೆಯ ಕಾನ್‌ಸ್ಟೇಬಲ್ ಬಂದು ಅವಳಿಗೂ ಗೇಟಿಗೂ ನಡುವೆ ನಿಂತ.

ಕೊಟ್ರಬಸಪ್ಪ ಗೋಪಾಳಕ್ಕೆ ಹೋದರು. ಸಾವಿನ ಮನೆಯಲ್ಲಿ ಹೆಚ್ಚು ಕೇಳಲಿಲ್ಲ. ಜೀಪಿನ ಕೆಲಸ ಯಾರದ್ದು ಎಂದಷ್ಟೇ ಕೇಳಿದರು.

ಭದ್ರಾವತಿ ಹಳೇನಗರದ ಸುಬ್ಬಪ್ಪನದು ಎಂದಳು ಸುಷ್ಮಾ. ಮೊದಲು ಜೀಪನ್ನು ಆ ರೂಪಕ್ಕೆ ತಂದವನೂ ಅವನೇ. ಜುಲೈನಲ್ಲಿ ಉಂಬ್ಳೇಬೈಲಿನ ಕಡೆಯ ಹಳ್ಳ ದಾಟುವಾಗ ಜೀಪು ಮಗುಚಿತ್ತು. ಹರ್ಷವರ್ಧನ ತರಚುಗಾಯದಲ್ಲಿ ಪಾರಾದ. ಎಡಸೀಟಿನಲ್ಲಿ ದಾರಿ ಹೇಳುತ್ತ ಕೂತಿದ್ದವನು ಹೊರಗೆ ಎಸೆಯಲ್ಪಟ್ಟು ಜೀಪಿನಡಿ ಸಿಕ್ಕಿ ಸತ್ತ. ಅವನು ಸುಬ್ಬಪ್ಪನ ತಮ್ಮ ಸಿದ್ಧೇಶ. ಬೆಲ್ಟ್ ಹಾಕಿಕೋ ಎಂದರೂ ಹಾಕಿಕೊಳ್ಳಲಿಲ್ಲ ಎಂದು ಹರ್ಷವರ್ಧನ ಹೇಳಿದ್ದ. ನಜ್ಜುಗುಜ್ಜಾದ ಆ ಜೀಪನ್ನು ಮತ್ತೆ ಕಟ್ಟಿಕೊಡಲು ಒಪ್ಪಿಕೊಂಡವನೂ ಸುಬ್ಬಪ್ಪನೇ.

"ಒಪ್ಪಿಕೊಂಡ್ರಾ?"

"ನಾನೇ ಬೇಡ ಅಂದೆ ಸಾರ್. ನಮ್ಮ ಮನೆಯೋರು ಕೇಳ್ಲಿಲ್ಲ. ಬೇರೆಯೋರು ಮುಟ್ಟಿದ್ರೆ ಗಾಡಿ ಕೆಡುತ್ತೆ ಅಂದ್ರಂತೆ ಸುಬ್ಬಪ್ಪ."

ಹಳೇನಗರದ ಮನೆಯಲ್ಲಿ ಸುಬ್ಬಪ್ಪ ಇರಲಿಲ್ಲ. ಸಿದ್ಧೇಶನ ಹೆಂಡತಿ ವೇದಾವತಿ ಬಾಗಿಲು ತೆಗೆದಳು. ಅವಳ ಹಣೆ ಖಾಲಿಯಿತ್ತು. ಕೊಟ್ರಬಸಪ್ಪ ಬೂಟು ಬಿಚ್ಚಿ ಒಳಗೆ ಹೋದದ್ದನ್ನು ನೋಡಿ, ಹೊಸ್ತಿಲಲ್ಲೇ ನಿಂತಿದ್ದ ವಿಜಯಕುಮಾರ್ ಮತ್ತು ಮಾರಪ್ಪ ತಾವೂ ಬಿಚ್ಚಿದರು.

ಭಾವ ಸೋಮವಾರ ಮಧ್ಯಾಹ್ನ ಶೆಡ್ಡಿಗೆ ಹೋದವರು ಬಂದಿಲ್ಲ ಎಂದಳು.

"ಹೋಗೋವಾಗ ಏನಾದ್ರೂ ಹೇಳಿದ್ರೇನಮ್ಮ?"

"ಇವತ್ತು ಗಾಡಿ ಹೊರಗೆ ತೆಗೀತೀನಿ ಅಂದ್ರು. ನಿಂಬೆಹಣ್ಣು ತಗೊಂಡು ಹೋದ್ರು." ಸ್ವಲ್ಪ ತಡೆದು ಕೇಳಿದಳು. "ನಮ್ಮ ಭಾವನಿಗೇನಾದ್ರೂ ಆಗಿದ್ಯಾ?"

"ಅವರನ್ನೇ ಹುಡುಕ್ತಿದೀವಮ್ಮ" ಎಂದರು ಕೊಟ್ರಬಸಪ್ಪ. ಅವಳು ಒಳಗೆ ಹೋಗಿ ಮೂವರಿಗೂ ನೀರು ತಂದಿಟ್ಟಳು. ವಿಜಯಕುಮಾರ್ ಕುಡಿಯಲಿಲ್ಲ. ಮುರುಗೇಶನ ಬೆರಳು ನೆನಪಾಯಿತೋ ಏನೋ, ತಮ್ಮ ಕೈಗಳನ್ನೇ ನೋಡುತ್ತಿದ್ದರು.

ಆ ಜೀಪಿನ ಟೈರು ಡಾಂಬರಿನ ಮೇಲೆ ಹೋದರೆ ಹೆಜ್ಜೇನು ಎದ್ದ ಹಾಗೆ ಸದ್ದು ಮಾಡುತ್ತದೆ. ಉಂಬ್ಳೇಬೈಲಿನ ದಾರಿಯ ಚಹಾ ಅಂಗಡಿಯಾಕೆಗೆ ಆ ಸದ್ದು ನೆನಪಿತ್ತು. ಇವತ್ತು ಬೆಳಗಾಗುತ್ತಿದ್ದಂತೆ ಒಂದು ಎತ್ತರದ ಜೀಪು ಕಾಡಿನ ಕಡೆ ಹೋಯಿತು, ಒಳಗೆ ಒಬ್ಬನೇ ಇದ್ದ, ಎಂದಳು.

ಮಧ್ಯಾಹ್ನ ಮೂರೂವರೆಗೆ ಸಿದ್ಧೇಶ ಸತ್ತಿದ್ದ ಹಳ್ಳ ತಲುಪಿದರು. ದೂರದಿಂದಲೇ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಕೇಳಿತು. ಜೀಪು ಹಳ್ಳದ ನಡುವೆ ನಿಂತಿತ್ತು. ಸುಬ್ಬಪ್ಪ ಐವತ್ತು ದಾಟಿದ ಗಟ್ಟಿ ಆಳು. ಮೊಣಕಾಲುದ್ದದ ನೀರಿನಲ್ಲಿ ನಿಂತು ದೊಡ್ಡ ಸುತ್ತಿಗೆಯಿಂದ ಅದನ್ನು ಒಡೆಯುತ್ತಿದ್ದ. ಬಾನೆಟ್ಟು ಹರಿದಿತ್ತು. ಎಂಜಿನ್ನಿನ ಎರಕ ಸೀಳಿ ಎಣ್ಣೆ ನೀರಿನ ಮೇಲೆ ಹರಡಿತ್ತು. ಪಂಜರದ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿದ್ದ. ಅವನ ಅಂಗೈ ಒಡೆದು ಸುತ್ತಿಗೆಯ ಹಿಡಿ ಕೆಂಪಾಗಿತ್ತು.

"ಸುಬ್ಬಪ್ಪ, ಸುತ್ತಿಗೆ ಬಿಡು" ಎಂದರು ಕೊಟ್ರಬಸಪ್ಪ.

"ಇನ್ನೂ ಆಗಿಲ್ಲ ಸಾರ್. ಆಕ್ಸಲ್ ಉಳಿದಿದೆ."

ವಿಜಯಕುಮಾರ್ ನೀರಿಗಿಳಿದು ಅವನ ತೋಳು ಹಿಡಿಯಲು ಹೋದರು. ಸುಬ್ಬಪ್ಪ ತಿರುಗಿ ಬೀಸಿದ. ಸುತ್ತಿಗೆ ಅವರ ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ದಡಕ್ಕೂ ಕೇಳಿತು. ಎರಡನೆಯ ಏಟು ತಲೆಗೇ ಬೀಳುತ್ತಿತ್ತು. ಅಷ್ಟರಲ್ಲಿ ಮಾರಪ್ಪ ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ನೀರಿಗೆ ಕೆಡವಿದ. ಸುಬ್ಬಪ್ಪ ಮಾರಪ್ಪನ ತೋಳು ಕಚ್ಚಿದ, ಒದ್ದ, ಕಲ್ಲು ಹಿಡಿದು ಅವನ ಹುಬ್ಬು ಒಡೆದ. ಕೊಟ್ರಬಸಪ್ಪ ಅವನ ಬೆನ್ನ ಮೇಲೆ ಮೊಣಕಾಲೂರಿ, ಉಸಿರು ಕಟ್ಟುವ ತನಕ ಮುಖವನ್ನು ನೀರಿನಲ್ಲಿ ಒತ್ತಿಹಿಡಿದರು. ಮೈ ಸಡಿಲಾದ ಮೇಲೆ ಎತ್ತಿ ಬೇಡಿ ಹಾಕಿದರು. ಮುರಿದ ಕೈಯನ್ನು ಎದೆಗವಚಿಕೊಂಡೇ ವಿಜಯಕುಮಾರ್ ಬಂದು ಅವನ ಪಕ್ಕೆಗೆ ಒಂದು, ಎರಡು, ಮೂರು ಸಲ ಒದ್ದರು. ಕೊಟ್ರಬಸಪ್ಪ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆಯಬೇಕಾಯಿತು.

ಸುಬ್ಬಪ್ಪ ನೀರು ಕಾರಿ ಕಣ್ಣು ಬಿಟ್ಟವನು ಮೊದಲು ನೋಡಿದ್ದು ವಿಜಯಕುಮಾರರ ಜೋತುಬಿದ್ದ ಕೈಯನ್ನು.

"ಅಲ್ಲಾಡಿಸಬೇಡಿ ಸಾರ್. ಹಿಂದಿನ ಪೆಟ್ಟಿಗೇಲಿ ಹಲಗೆ ತುಂಡು, ಹಗ್ಗ ಇದೆ. ಕಟ್ಕೊಳಿ" ಎಂದ.

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಜೀಪಿನ ಸೀಟ್ ಬೆಲ್ಟುಗಳಿಗೆ ಬೇಕಾದ ಬೋಲ್ಟುಗಳನ್ನು ಅವನು ಹಿಂದೆ ತಾನೇ ಲೇತ್ ಯಂತ್ರದಲ್ಲಿ ಮಾಡಿಸಿದ್ದ. ಅಂಗಡಿಯಲ್ಲಿ ಸಿಗುವಂಥವಲ್ಲ. ಜೀಪು ಮತ್ತೆ ಕಟ್ಟುವಾಗ ಎಡಸೀಟಿನ ಬೆಲ್ಟಿನದು ಇಲ್ಲದ್ದನ್ನು ನೋಡಿ, ಮಗುಚಿದಾಗ ಕಿತ್ತುಹೋಗಿರಬೇಕು ಎಂದುಕೊಂಡಿದ್ದ. ಸೋಮವಾರ ಕೊನೆಯ ಕೆಲಸವೆಂದು ಮುಂದಿನ ದೊಡ್ಡ ದೀಪದ ಸ್ಟ್ಯಾಂಡು ಬಿಗಿಮಾಡುತ್ತಿದ್ದಾಗ, ಅದರಲ್ಲಿ ಆ ಬೋಲ್ಟೊಂದು ಕಂಡಿತು. ತುಕ್ಕು ಹಿಡಿದು ಕೂತುಬಿಟ್ಟಿತ್ತು. ಜೀಪು ಮಗುಚಿದ ಮೇಲೆ ಆ ದೀಪವನ್ನು ಯಾರೂ ಬಿಚ್ಚಿರಲಿಲ್ಲ. ಅಂದರೆ ಮಗುಚುವ ಮೊದಲೇ ಎಡಸೀಟಿನ ಬೆಲ್ಟಿಗೆ ಬೋಲ್ಟು ಇರಲಿಲ್ಲ.

"ಕೇಳ್ದೆ ಸಾರ್. 'ದೀಪಕ್ಕೆ ಬೋಲ್ಟ್ ಸಿಗ್ಲಿಲ್ಲ, ಅದನ್ನ ಹಾಕ್ದೆ ಮಾರಾಯ, ಈಗ್ಯಾಕೆ ಅದೆಲ್ಲ' ಅಂದ್ರು. ಪಾಪ, ಸುಳ್ಳು ಹೇಳ್ಲಿಲ್ಲ. ಹೇಳಿ ಆಚೆ ತಿರುಗಿ ಟೈರಿಗೆ ಗಾಳಿ ನೋಡ್ತಾ ಕೂತ್ರು."

"ಆಗ ಹೊಡೆದ್ಯಾ?"

"ಹೂಂ."

ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಕಾದ.

"ನನ್ನ ತಮ್ಮ ಬೆಲ್ಟ್ ಹಾಕ್ಕೊಳ್ಲಿಲ್ಲ ಅಂತ ಊರೆಲ್ಲ ಅಂತು. ನಾನೂ ನಂಬಿದೆ. ಅವನ ಹೆಣದ ಮುಂದೆ ನಿಂತು ಬೈದೆ ಸಾರ್. 'ಒಂದು ಬೆಲ್ಟ್ ಹಾಕ್ಕೊಳ್ಳೋಕೆ ನಿನಗೇನಾಗಿತ್ತು ರೋಗ' ಅಂತ, ಅವನ ಹೆಂಡ್ತಿ ಎದುರಿಗೇ ಬೈದೆ. ಮಣ್ಣಿಗಿಡೋ ತನಕ ಬೈದೆ."

ಕೊಟ್ರಬಸಪ್ಪ ಕೇಳಿದರು. "ನಿಂಬೆಹಣ್ಣು ಯಾಕೆ ಇಟ್ಟೆ?"

ಸುಬ್ಬಪ್ಪನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಇಡದೆ ಗಾಡಿ ತೆಗಿಯೋದು ಹೆಂಗೆ ಸಾರ್?" ಎಂದ.

ಒಡೆಯಲೆಂದೇ ಒಯ್ಯುತ್ತಿದ್ದ ಗಾಡಿ ಅದು. ಆದರೂ ಅವನ ಕೈ ಮೂವತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿತ್ತು.

ಕೊಟ್ರಬಸಪ್ಪ ಠಾಣೆಯ ಡೈರಿ ತರಿಸಿ ತಮ್ಮ ಕೈಯಾರೆ ಬರೆದರು: ಮುರುಗೇಶ ನಿರಪರಾಧಿ, ಅವನ ಮೈಮೇಲಿನ ಗಾಯಗಳಲ್ಲಿ ಬೆರಳಿನವು ಈ ಠಾಣೆಯಲ್ಲಿ ಆದವು, ಹೊಡೆದವರು ಇಂಥವರು. ಆಸ್ಪತ್ರೆಯಿಂದ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಿದ್ದ ವಿಜಯಕುಮಾರ್ ಅದನ್ನು ಓದಿದರು. ಗೇಟಿನ ಹತ್ತಿರ ಹೋಗಿ, ಉಳಿದಿದ್ದ ಜನರಿಗೆ ಕೊಲೆಗಾರ ಬೇರೆಯವನೆಂದು ತಾವೇ ಹೇಳಿ ಕಳಿಸಿದರು.

ಮುರುಗೇಶನನ್ನು ಹೊರಗೆ ತಂದು ಬೆಂಚಿನ ಮೇಲೆ ಕೂರಿಸಿದರು. ಜಿಲ್ಲಾ ಆಸ್ಪತ್ರೆಗೆ ಒಯ್ಯಲು ಗಾಡಿ ಬರಬೇಕಿತ್ತು. ಎದುರಿನ ಲಾಕಪ್ಪಿನ ಕಂಬಿಯ ಹಿಂದೆ ಸುಬ್ಬಪ್ಪ ಅವನನ್ನು ನೋಡಿದ. ಇಬ್ಬರೂ ಎಷ್ಟೋ ವರ್ಷದಿಂದ ಒಬ್ಬರಿಗೊಬ್ಬರು ಬಿಡಿಭಾಗ ಕೊಟ್ಟು ತಂದವರು.

"ಮುರುಗೇಶಾ, ನಿನ್ನ ಯಾಕೋ ಹಿಡಿದ್ರು?"

ಮುರುಗೇಶನ ತುಟಿ ಒಡೆದಿತ್ತು. ಮಾತು ತೊದಲುತ್ತ ಬಂತು.

"ನಿನ್ ಬದ್ಲಿಗೆ ಅಣ್ಣಾ."

ಸುಬ್ಬಪ್ಪ ಅವನ ಬೆರಳುಗಳನ್ನು ನೋಡಿದ. ಹಣೆಯನ್ನು ಕಂಬಿಗೆ ಒಮ್ಮೆ ಬಡಿದುಕೊಂಡ, ಮತ್ತೆ ಬಡಿದುಕೊಂಡ. ಮಾರಪ್ಪ ಓಡಿಬಂದು ಕಂಬಿಗೂ ಹಣೆಗೂ ನಡುವೆ ತನ್ನ ಅಂಗೈ ಇಟ್ಟ.

ಕನಗ ಎದುರಿನ ಹೋಟೆಲಿಗೆ ಹೋಗಿ ಎರಡು ಪೊಟ್ಟಣ ಚಿತ್ರಾನ್ನ ಕಟ್ಟಿಸಿಕೊಂಡು ಬಂದಳು. ಗಂಡನ ಪಕ್ಕ ಕೂತು ಒಂದನ್ನು ಬಿಚ್ಚಿ, ಅನ್ನವನ್ನು ಬೆರಳಲ್ಲಿ ಕಿವುಚಿ ಮೆತ್ತಗೆ ಮಾಡಿ, ತುಟಿಯ ಗಾಯಕ್ಕೆ ತಾಗದ ಹಾಗೆ ತುತ್ತು ತುತ್ತಾಗಿ ತಿನ್ನಿಸಿದಳು. ಅದು ಮುಗಿದ ಮೇಲೆ ತನ್ನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ಎದ್ದು ಲಾಕಪ್ಪಿನ ಹತ್ತಿರ ಹೋದಳು. ಪಹರೆಯವನು ಬೇರೆ ಕಡೆ ನೋಡಿದ. ಅವಳು ಯಾರ ಮುಖವನ್ನೂ ನೋಡದೆ ಪೊಟ್ಟಣವನ್ನು ಕಂಬಿಯ ಸಂದಿಯಿಂದ ಒಳಗೆ ನೀಡಿದಳು.

ಸುಬ್ಬಪ್ಪ ಬೇಡಿ ಹಾಕಿದ ಎರಡೂ ಕೈ ಚಾಚಿ ತೆಗೆದುಕೊಂಡ.