ಎಂಬತ್ತು ಕಿಲೋಮೀಟರ್ ಆದ ಮೇಲೆ

ಟೈರ್ ಅಂಗಡಿಯ ಗೇಟಿನೊಳಗೆ ಮೊದಲು ಬಂದದ್ದು ಒಂದು ಹಳೆಯ ಕಾರು. ಅದರ ಹಿಂದೆ ಕುಂಟುತ್ತಾ ಬಂದದ್ದು ಒಂದು ಮನೆ.

ಹೌದು, ಮನೆಯೇ. ಬಿಳಿ ಗೋಡೆ, ಹಳದಿ ಬಾಗಿಲು, ಕಿಟಕಿಗೆ ಹೂವಿನ ಪರದೆ, ಕೆಳಗೆ ನಾಲ್ಕು ಚಕ್ರ. ನಾಲ್ಕರಲ್ಲಿ ಒಂದರ ಟೈರು ಸಿಡಿದು, ಹರಿದ ಚಪ್ಪಲಿಯ ಹಾಗೆ ನೆಲಕ್ಕೆ ಪಟಪಟ ಬಡಿಯುತ್ತಿತ್ತು.

ಲಾರಿಯ ಅಡಿಯಲ್ಲಿ ಮಲಗಿದ್ದ ಚೂಟಿ ಜಾರಿಕೊಂಡು ಹೊರಬಂದಳು. ಚೂಟಿ ಅನ್ನುವುದು ಅಜ್ಜಿ ಇಟ್ಟ ಹೆಸರು. ಕೈಯೂ ಚುರುಕು, ಬಾಯಿ ಅದಕ್ಕಿಂತ ಚುರುಕು. ತಾತ ಕಟ್ಟಿದ ಈ ಅಂಗಡಿಯನ್ನು ಈಗ ನಡೆಸುವವಳು ಅವಳೇ. ಗಲ್ಲಾದಲ್ಲಿ ಕೂರುವುದು ಅಜ್ಜಿ.

"ಯಾರ್ರೀ ಇದನ್ನ ಹೀಗೆ ಎಳ್ಕೊಂಡು ಬಂದಿದ್ದು?"

"ನಾನೇ," ಎಂದು ಕಾರಿನಿಂದ ಇಳಿದವನು ಒಪ್ಪಿಕೊಂಡ. ಕ್ಲಾಸಿಗೆ ತಡವಾಗಿ ಬಂದ ಹುಡುಗನ ನಗು. ದುಂಡು ಕನ್ನಡಕ. ಅದರ ಹಿಂದೆ, ಅಯ್ಯೋ, ಎಂಥಾ ಕಣ್ಣು!

ಚೂಟಿ ಥಟ್ಟನೆ ಟೈರಿನ ಕಡೆ ನೋಡಿದಳು. ಟೈರು ಯಾವತ್ತೂ ಎದೆ ಢವಢವ ಅನ್ನಿಸುವುದಿಲ್ಲ.

"ಸ್ಟೆಪ್ನಿ ಎಲ್ಲಿ?"

"ಹೋದ ತಿಂಗಳು ಹಾಕ್ದೆ. ಸಿಡಿದಿದ್ದು ಅದೇ." ತಲೆ ಕೆರೆದುಕೊಂಡ. "ಒಂದು ಹೊಸದು ಕೊಡಿ, ಸಾಕು. ಮಿಕ್ಕ ಮೂರೂ ಹೊಸದರ ಥರಾನೇ ಇವೆ ನೋಡಿ, ಗೆರೆ ಕೂಡ ಸವೆದಿಲ್ಲ."

ಚೂಟಿ ಕುಕ್ಕರುಗಾಲಲ್ಲಿ ಕೂತು ಟೈರಿನ ಪಕ್ಕೆಯ ಧೂಳನ್ನು ಬಟ್ಟೆಯಿಂದ ಒರೆಸಿದಳು. "ಇಲ್ಲಿ ನಾಲ್ಕು ಅಂಕಿ ಇದ್ಯಲ್ಲ? ಇದು ಟೈರ್ ಹುಟ್ಟಿದ ವಾರ, ವರ್ಷ. ನಿಮ್ಮದಕ್ಕೆ ಒಂಬತ್ತು ವರ್ಷ ತುಂಬಿದೆ. ಈ ಬಿರುಕು ಕಾಣ್ತಾ? ಕಾರಿನ ಟೈರ್ ಓಡಿ ಓಡಿ ಸಾಯತ್ತೆ. ಟ್ರೇಲರ್ ಟೈರ್ ಬಿಸಿಲಲ್ಲಿ ನಿಂತು ನಿಂತೇ ಸಾಯತ್ತೆ. ಐದಾರು ವರ್ಷ ಆದ್ರೆ, ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಬಿಚ್ಚಿ ಎಸೀಬೇಕು."

"ಅಂದ್ರೆ, ಮುಖ ನೋಡಿ ಮರುಳಾಗಬಾರದು ಅಂತೀರಾ?"

"ಟೈರಿನ ಮುಖ."

"ನಾನೂ ಟೈರಿಂದೇ ಹೇಳಿದ್ದು," ಎಂದ, ಅವಳ ಮುಖವನ್ನೇ ನೋಡುತ್ತಾ. "ಬೇರೆ ಯಾರದ್ದು ಹೇಳ್ಲಿ?"

ಅವಳ ಕೆನ್ನೆ ಬಿಸಿಯಾಯಿತು. ಪುಣ್ಯಕ್ಕೆ ಅಲ್ಲಿ ಗ್ರೀಸ್ ಮೆತ್ತಿಕೊಂಡಿತ್ತು.

ಗಲ್ಲಾದಿಂದ ಅಜ್ಜಿ ಕೂಗಿದರು. "ಯಾರೇ ಅದು? ದನಿ ಚೆನ್ನಾಗಿದೆ! ಮುಖ ಹೆಂಗಿದೆ?"

"ಅಜ್ಜೀ! ಗಿರಾಕಿ!"

"ಗಿರಾಕಿಗೂ ಮುಖ ಇರತ್ತೆ ಕಣೇ. ನಂಗೆ ಮಂಜು ಮಂಜು ಕಾಣತ್ತೆ, ಅದಕ್ಕೇ ಕೇಳ್ದೆ."

ಅವನು ಜೋರಾಗಿ ನಕ್ಕ. "ಅದಕ್ಕೆ ನನ್ನ ಹತ್ರ ಮದ್ದಿದೆ, ಅಜ್ಜಿ." ಅವನು ಊರೂರು ಸುತ್ತಿ, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಮಾಡಿಕೊಡುವವನಂತೆ. ಟ್ರೇಲರಿನ ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ. ಆ ಕ್ಷಣದಿಂದ ಅಜ್ಜಿಯ ಬಾಯಲ್ಲಿ ಅವನು 'ಕನ್ನಡಕದಪ್ಪ' ಆಗಿಬಿಟ್ಟ.

ಆದರೆ ಟೈರು ಆರಿಸುವುದರಲ್ಲಿ ಕನ್ನಡಕದಪ್ಪನಿಗೆ ಒಂದು ಆಸೆ. ಗೋಡೆಗೆ ಒರಗಿಸಿಟ್ಟಿದ್ದ ಕಾರಿನ ಟೈರು ಅವನ ಕಣ್ಣಿಗೆ ಬಿದ್ದಿತ್ತು. ಪಕ್ಕೆಯ ಮೇಲೆ ಬಿಳಿ ಪಟ್ಟಿ, ಮಿರಿಮಿರಿ ಮಿಂಚು.

"ಅದು ಹಾಕಿದ್ರೆ ನನ್ನ ಮನೆ ರಾಣಿ ಥರ ಕಾಣತ್ತೆ ಅಲ್ವಾ?"

"ಕಾಣತ್ತೆ. ಮೊದಲ ತಿರುವಲ್ಲೇ ಸೊಂಟಾನೂ ಕುಣಿಸತ್ತೆ. ಕಾರಿನ ಟೈರಿಗೆ ಪಕ್ಕೆ ಮೆತ್ತಗೆ ರೀ. ಇದಕ್ಕೆ ಟ್ರೇಲರ್‌ಗೆ ಅಂತಾನೇ ಮಾಡಿದ ಗಟ್ಟಿ ಪಕ್ಕೆಯದು ಬೇಕು. ನಾಲ್ಕೂ ಒಂದೇ ಅಳತೆ, ಸ್ಟೆಪ್ನೀನೂ ಅದೇ. ಒಳಗೆ ಎಷ್ಟು ಭಾರ ಇದೆ?"

"ಏನಿಲ್ಲಪ್ಪ. ಸ್ವಲ್ಪ ಗಾಜು, ಸ್ವಲ್ಪ ಫ್ರೇಮು, ಒಂದು ಮಂಚ."

ಅವಳು ನಂಬಲಿಲ್ಲ. ಆ ಅಳತೆಯ ಹಳೆ ಚಕ್ರವೊಂದನ್ನು ಸದ್ಯಕ್ಕೆ ಸಿಕ್ಕಿಸಿ, ಅವನ ಪಕ್ಕದ ಸೀಟಿನಲ್ಲಿ ಕೂತು, ರಸ್ತೆಯ ತುದಿಯಲ್ಲಿದ್ದ ಲಾರಿ ತೂಗುವ ಕಟ್ಟೆಗೆ ಮೆಲ್ಲಗೆ ಓಡಿಸಲು ಹೇಳಿದಳು. ಟ್ರೇಲರ್ ಹತ್ತಿದ ಕೂಡಲೇ ಅಲ್ಲಿನ ಅಂಕಿಗಳು ಓಡಿದವು, ಓಡಿದವು, ನಿಲ್ಲುವ ಲಕ್ಷಣವೇ ಕಾಣಲಿಲ್ಲ.

"ನಿಮ್ಮ 'ಏನಿಲ್ಲಪ್ಪ' ಸುಮಾರು ತೂಗತ್ತಲ್ಲ," ಎಂದಳು.

"ಪುಸ್ತಕಗಳೂ ಇವೆ," ಎಂದ ಸಣ್ಣ ದನಿಯಲ್ಲಿ. "ಒಂದು ಹಾರ್ಮೋನಿಯಂ... ನೀರಿನ ಟ್ಯಾಂಕು... ಸಣ್ಣದೊಂದು ಸೋಫಾ."

"ಸೋಫಾ!"

ಇಬ್ಬರೂ ನಕ್ಕ ನಗುವಿಗೆ ತೂಗುವವನು ಕಿಟಕಿ ತೆರೆದು ನೋಡಿದ. ಅಷ್ಟು ಭಾರ ಹೊತ್ತೂ ಸ್ವಲ್ಪ ಶಕ್ತಿ ಉಳಿಯುವಂಥ ಟೈರು ಬೇಕು ಎಂದು ಚೂಟಿ ಒಂದು ದರ್ಜೆ ಗಟ್ಟಿಯದನ್ನೇ ತರಿಸಲು ಹೇಳಿದಳು. ಬರಲು ಒಂದು ವಾರ. ಅಲ್ಲಿಯವರೆಗೆ ಹಳದಿ ಬಾಗಿಲಿನ ಮನೆ ಅಂಗಡಿಯ ಅಂಗಳದಲ್ಲೇ ನಿಂತಿತು.

ಆ ವಾರ ಹೇಗೆ ಕರಗಿತೋ!

ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಅವನು ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಕೂದಲು ಕೆದರಿ ಗುಬ್ಬಿಗೂಡು. ಎರಡನೇ ದಿನದಿಂದ ಲೋಟಗಳು ಎರಡಾದವು. ಟೈರು ಹಾಕಿಸಲು ಬಂದವರೆಲ್ಲ ಕಾಯುವ ಹೊತ್ತಿನಲ್ಲಿ ಕಣ್ಣು ತೋರಿಸಿಕೊಂಡರು. ಅಜ್ಜಿಗೆ ಹೊಸ ಕನ್ನಡಕ ಬಂತು. ಹಾಕಿಕೊಂಡವರೇ ಮೊದಲು ಅವನನ್ನು, ಆಮೇಲೆ ಮೊಮ್ಮಗಳನ್ನು, ಮತ್ತೆ ಅವನನ್ನು ನೋಡಿದರು.

"ಓಹೋ. ಈಗ ಎಲ್ಲಾ ಕಾಣ್ತಿದೆ."

"ಏನಜ್ಜೀ ಕಾಣ್ತಿದೆ?"

"ನಿನ್ನ ಕಿವಿ ಕೆಂಪಗಾಗಿರೋದು."

ಒಂದು ಮಧ್ಯಾಹ್ನ ಅವನು ಚೂಟಿಯನ್ನೂ ಕರೆದ. "ಬನ್ನಿ, ನಿಮ್ಮ ಕಣ್ಣೂ ನೋಡ್ಬಿಡ್ತೀನಿ." ಪರದೆ ಎಳೆದ ಪುಟ್ಟ ಕೋಣೆ, ಎತ್ತರದ ಕುರ್ಚಿ. ಸಣ್ಣ ದೀಪ ಹಿಡಿದು ಅವನು ಹತ್ತಿರ ಬಾಗಿದ. ಇನ್ನೂ ಹತ್ತಿರ. ಸೋಪಿನ ವಾಸನೆ ಬರುವಷ್ಟು ಹತ್ತಿರ.

"ನನ್ನ ಕಿವಿ ನೋಡಿ," ಎಂದ. "ನನ್ನನ್ನಲ್ಲ, ಕಿವಿ."

"ನಾನೇನು ನಿಮ್ಮನ್ನ ನೋಡ್ತಿಲ್ಲ."

"ನೋಡ್ತಿದ್ದೀರಿ. ದೀಪದಲ್ಲಿ ಎಲ್ಲಾ ಗೊತ್ತಾಗತ್ತೆ."

ಅವಳು ಕಿವಿ ನೋಡಿದಳು. ಅದೂ ಕೆಂಪಗಿತ್ತು.

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ," ಎಂದ ಕೊನೆಗೆ, ದೀಪ ಆರಿಸಿ. ಹಿಂದೆ ಮಾತ್ರ ಸರಿಯಲಿಲ್ಲ.

"ಗೊತ್ತಿತ್ತು," ಎಂದು ಅವಳು ಕುರ್ಚಿಯಿಂದ ಜಾರಿ ಓಡಿಯೇ ಹೋದಳು.

ಟೈರುಗಳು ಬಂದವು. ಹೇಳಿದ್ದಕ್ಕಿಂತ ಒಂದು ದಿನ ಮೊದಲೇ! ಜೀವನದಲ್ಲಿ ಮೊದಲ ಸಲ ಚೂಟಿಗೆ ಬೇಗ ಸರಕು ತಂದವನ ಮೇಲೆ ಸಿಟ್ಟು ಬಂತು.

ಅವನ ಮುಂದಿನ ಊರು ದೂರ. ಅದರ ಮುಂದಿನದು ಇನ್ನೂ ದೂರ. ವಾಪಸ್ಸು ಬರುವ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಕೇಳಿದರೆ 'ಇಲ್ಲ' ಅಂದುಬಿಟ್ಟರೆ?

ಒಂದೇ ಒಂದು ದಾರಿಯಿತ್ತು. ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು ಎಂಬತ್ತು ಕಿಲೋಮೀಟರ್ ಓಡಿದರೆ ನಟ್ಟುಗಳು ಕೂತುಕೊಂಡು ಚೂರು ಸಡಿಲವಾಗುತ್ತವೆ. ಮತ್ತೊಮ್ಮೆ ಬಿಗಿ ಮಾಡಲೇಬೇಕು. ಹತ್ತಿರದವರು ಅದಕ್ಕಾಗಿ ಅಂಗಡಿಗೇ ವಾಪಸ್ಸು ಬರುತ್ತಾರೆ. ದೂರ ಹೋಗುವವರಿಗೆ ಚೂಟಿ ಆ ಕೆಲಸ ಕಲಿಸಿ ಕಳಿಸುತ್ತಾಳೆ.

"ಕಲಿಸಬೇಡ ಕಣೇ," ಅಜ್ಜಿ ಪಿಸುಗುಟ್ಟಿದರು. "ಇಲ್ಲೇ ಬಂದು ಬಿಗಿ ಮಾಡಿಸ್ಕೊಳ್ಳಿ ಅನ್ನು. ತಾನಾಗೇ ಬರ್ತಾನೆ."

ಆಸೆಯಾಗಲಿಲ್ಲ ಅಂದರೆ ಸುಳ್ಳು. ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಅವನು ಮರೆತರೆ? ಯಾವುದೋ ಇಳಿಜಾರಿನಲ್ಲಿ, ಯಾವುದೋ ತಿರುವಿನಲ್ಲಿ ಚಕ್ರ ಕಳಚಿ ಆ ಹಳದಿ ಬಾಗಿಲು...

"ಬನ್ರೀ ಇಲ್ಲಿ," ಎಂದು ಕರೆದಳು. "ಟೈರ್ ಬದಲಾಯಿಸೋದು ಕಲೀರಿ. ಪೂರ್ತಿ."

ಅವನು ಅಂಗಿಯ ತೋಳು ಮಡಚಿ ಬಂದ. ಬಂದವನೇ ಸೀದಾ ಜ್ಯಾಕ್ ಎತ್ತಿಕೊಂಡ.

"ಇಳಿಸಿ ಅದನ್ನ! ಮೊದಲು ಸಮತಟ್ಟಾದ ಜಾಗ. ಟ್ರೇಲರ್ ಕಾರಿಗೆ ಕಟ್ಟಿಕೊಂಡೇ ಇರ್ಬೇಕು. ಆ ಕಡೆ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಈಗ ನಟ್ಟು."

"ಚಕ್ರ ನೆಲದ ಮೇಲಿದ್ದಾಗಲೇ?"

"ಆಗಲೇ ಸಡಿಲ ಮಾಡ್ಬೇಕು, ಅರ್ಧ ಸುತ್ತು ಅಷ್ಟೆ. ಮೇಲೆತ್ತಿ ಎಳೆದಾಡಿದ್ರೆ ಮನೆ ಜ್ಯಾಕಿಂದ ಜಾರಿ ಮೈಮೇಲೆ ಬರತ್ತೆ. ಜ್ಯಾಕ್ ಇಡೋದು ಇಲ್ಲಿ, ಈ ಚೌಕಟ್ಟಿನ ಕೆಳಗೆ. ಆಕ್ಸಲ್‌ಗೆ ಕೊಟ್ರೆ ಅದು ಬಾಗಿ ಹೋಗತ್ತೆ. ಮತ್ತೆ, ಕೇಳಿಸ್ಕೊಳ್ತಿದ್ದೀರಾ? ಎತ್ತಿದ ಮೇಲೆ ಕೆಳಗೆ ತಲೆ ಹಾಕಿದ್ರೆ ನಾನೇ ಬಂದು ಹೊಡೀತೀನಿ."

"ಅಷ್ಟು ದೂರ ಬರ್ತೀರಾ?"

"ಹೊಡಿಯೋಕೆ ಎಷ್ಟು ದೂರ ಬೇಕಾದ್ರೂ ಬರ್ತೀನಿ."

ಅವನು ಕಲಿತ. ಬೇಗ ಕಲಿತುಬಿಟ್ಟ ಪಾಪಿ! ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರು ಬದುರಾಗಿ ಬಿಗಿ ಮಾಡುವುದು. ಬೆಳಗ್ಗೆ, ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ ಗಾಳಿ ನೋಡುವುದು. ಚಕ್ರ ನೆಲಕ್ಕಿಳಿದ ಮೇಲೆ ಉದ್ದ ಹಿಡಿಯ ಟಾರ್ಕ್ ಪಾನಾ ಹಾಕಿ, ಬಿಗಿ ಸಾಕು ಎಂದು ಅದೇ 'ಟಕ್' ಅನ್ನುವವರೆಗೆ ತಿರುಗಿಸುವುದು. ಮೊದಲ 'ಟಕ್' ಕೇಳಿದಾಗ ಅವನು ಮಗುವಿನ ಹಾಗೆ ತಿರುಗಿ ಅವಳನ್ನು ನೋಡಿದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಎಂಬತ್ತು ಕಿಲೋಮೀಟರ್ ಆದ ಮೇಲೆ ಎಲ್ಲಾ ನಟ್ಟಿಗೂ ಇದೇ ಪಾನಾ ಹಾಕಿ. ಮರೀಬೇಡಿ." ತನ್ನ ಪಾನಾವನ್ನೇ ಅವನ ಕೈಗಿತ್ತಳು.

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. "ಹಾಗಾದ್ರೆ... ಇದಕ್ಕೆ ಅಂತ ನಾನು ಇಲ್ಲಿಗೆ ವಾಪಸ್ ಬರೋ ಅಗತ್ಯ ಇಲ್ಲ."

ಚೂಟಿಯ ಚುರುಕು ನಾಲಿಗೆ ಅವತ್ತು ಎಲ್ಲಿ ಹೋಗಿತ್ತೋ. "ಇಲ್ಲ," ಎಂದಳು. "ಅಗತ್ಯ ಇಲ್ಲ."

ಮರುದಿನ ಬೆಳಗ್ಗೆ ಹೊಸ ಟೈರುಗಳು ಒಂದಿಷ್ಟೂ ಸದ್ದಿಲ್ಲದೆ ಗೇಟು ದಾಟಿದವು. ಅಷ್ಟು ಚೆನ್ನಾಗಿ ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೇ ಕೋಪ ಬಂತು.

ಅವತ್ತು ಅಂಗಡಿಯಲ್ಲಿ ಯಾರೂ ಅವಳನ್ನು ಮಾತಾಡಿಸುವ ಹಾಗಿರಲಿಲ್ಲ. ಟೀ ತಣ್ಣಗಾಯಿತು. ಸ್ಕೂಟರಿನವನ ಪಂಚರ್ ಹಾಕಿ, ಗಾಳಿ ತುಂಬುವುದನ್ನೇ ಮರೆತು ಕಳಿಸಿದಳು. ಪಾಪ, ಅವನು ತಳ್ಳಿಕೊಂಡು ವಾಪಸ್ಸು ಬಂದ. ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಈ ಮುಖ ನೋಡೋದಕ್ಕಿಂತ ಮಂಜೇ ವಾಸಿ," ಎಂದರು.

ಬಿಸಿಲು ಇಳಿಯುವ ಹೊತ್ತಿಗೆ ಗೇಟಿನ ಹತ್ತಿರ ಹಾರ್ನ್ ಆಯಿತು. ಹಳದಿ ಬಾಗಿಲು!

ಅವನು ಇಳಿದು ಬಂದು ಅವಳೆದುರು ನಿಂತ. ಹೋಂವರ್ಕ್ ಮಾಡದ ಹುಡುಗನ ಮುಖ. "ಎಂಬತ್ತು ಕಿಲೋಮೀಟರ್ ಆಯ್ತು. ನಟ್ಟು ಬಿಗಿ ಮಾಡ್ಬೇಕಿತ್ತು. ಹೆಂಗೆ ಅಂತ ಮರ್ತೋಯ್ತು."

"ಮರ್ತೋಯ್ತಾ!" ಖುಷಿ ಎದೆಯಿಂದ ಗಂಟಲಿಗೆ ಬರುವಷ್ಟರಲ್ಲಿ ಸಿಟ್ಟು ಅದನ್ನು ಹಿಂದೆ ಹಾಕಿತು. "ಅಷ್ಟು ಹೇಳಿಕೊಟ್ಟಿದ್ದೀನಿ, ಬಿಗಿ ಮಾಡದೆ ಅಲ್ಲಿಂದ ಇಲ್ಲೀತನಕ ಓಡಿಸ್ಕೊಂಡು ಬಂದ್ರಾ? ಚಕ್ರ ಬಿಚ್ಚಿಕೊಂಡಿದ್ರೆ? ಹಿಂದೆ ಬರೋರ ಗತಿ? ಕೊಡಿ ಇಲ್ಲಿ ಪಾನಾ!"

ಅವನು ತಲೆ ತಗ್ಗಿಸಿ ಕೊಟ್ಟ. ಅವಳು ಮೊದಲ ಚಕ್ರದ ಮುಂದೆ ಮಂಡಿಯೂರಿ ನಟ್ಟಿಗೆ ಪಾನಾ ಸಿಕ್ಕಿಸಿ ಒತ್ತಿದಳು.

ಟಕ್.

ನಟ್ಟು ಅಲ್ಲಾಡಲೇ ಇಲ್ಲ. ಎದುರಿನದಕ್ಕೆ ಹಾಕಿದಳು. ಟಕ್. ಅದರ ಪಕ್ಕದ್ದು. ಟಕ್.

ಚೂಟಿಯ ಕೈ ನಿಂತಿತು. ಹೊಸದಾಗಿ ಹಾಕಿದ ಚಕ್ರ ಇಷ್ಟು ದೂರ ಓಡಿದ ಮೇಲೆ ಒಂದು ಕೂದಲೆಳೆಯಷ್ಟಾದರೂ ತಿರುಗಬೇಕು. ಎಷ್ಟು ಚಕ್ರ ಹಾಕಿದ್ದಾಳೆ ಅವಳು! ಒಂದೂ ತಿರುಗದಿದ್ದರೆ ಅದಕ್ಕೆ ಅರ್ಥ ಒಂದೇ. ಯಾರೋ ಆಗಲೇ ಬಿಗಿ ಮಾಡಿದ್ದಾರೆ. ತುಂಬಾ ಶ್ರದ್ಧೆಯಿಂದ.

ಅವಳು ತಿರುಗಿ ನೋಡಲಿಲ್ಲ. ಎರಡನೇ ಚಕ್ರಕ್ಕೆ ಹೋದಳು, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ನಗು ನಿಲ್ಲಲಿ ಎಂದು. ನಿಲ್ಲಲಿಲ್ಲ.

"ಎಲ್ಲಿ ಬಿಗಿ ಮಾಡಿದ್ರಿ?" ಕೇಳಿದಳು, ಚಕ್ರಕ್ಕೇ.

ಹಿಂದಿನಿಂದ ಅವನು ಒಂದು ಹೆಜ್ಜೆ ಹತ್ತಿರ ಬಂದ. ಆಮೇಲೆ, "ಪೆಟ್ರೋಲ್ ಬಂಕ್ ಹತ್ರ. ಸಮತಟ್ಟಾದ ಜಾಗ ನೋಡಿ. ಎದುರು ಬದುರಾಗಿ, ನೀವು ಹೇಳಿದ ಹಾಗೇ."

"ಮತ್ತೆ ಈ ಸುಳ್ಳು?"

"ಅಗತ್ಯ ಇಲ್ಲ ಅಂದ್ರಲ್ಲ ನೀವು. ಅಗತ್ಯ ಇಲ್ದೆ ಬಂದೆ ಅಂದ್ರೆ ಯಾಕೆ ಅಂತ ಕೇಳ್ತೀರಿ. ಕೇಳಿದ್ರೆ ಹೇಳ್ಬೇಕಾಗತ್ತೆ." ಅವನು ಪಕ್ಕದಲ್ಲೇ ಬಂದು ಕೂತ, ಧೂಳಿನಲ್ಲೇ. "ದಾರಿ ಉದ್ದಕ್ಕೂ ಹೇಳೋದನ್ನ ಪ್ರಾಕ್ಟೀಸ್ ಮಾಡ್ದೆ. ಗೇಟ್ ಹತ್ರ ಬಂದಾಗ ಧೈರ್ಯ ಇಳಿದುಹೋಯ್ತು. ನಿಮ್ಮನ್ನ ಬಿಟ್ಟು ಹೋಗೋಕೆ ಆಗ್ತಿಲ್ಲ. ಅಷ್ಟೇ ವಿಷಯ."

ಅವಳು ಪಾನಾ ಕೆಳಗಿಟ್ಟಳು. "ನಿಮಗೆ ಇದನ್ನ ಕಲಿಸೋಕೆ ನಂಗೆ ಇಷ್ಟಾನೇ ಇರ್ಲಿಲ್ಲ, ಗೊತ್ತಾ? ಕಲಿಸದೇ ಇದ್ರೆ ವಾಪಸ್ ಬರ್ತೀರಲ್ಲ ಅಂತ."

"ಮತ್ತೆ ಯಾಕೆ ಕಲಿಸಿದ್ರಿ?"

"ನೀವು ವಾಪಸ್ ಬರದೇ ಇದ್ರೂ ಪರವಾಗಿಲ್ಲ," ಎಂದಳು. "ಎಲ್ಲಿದ್ರೂ ಚೆನ್ನಾಗಿರ್ಬೇಕು ಅಂತ."

ಅವನು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಆಮೇಲೆ ಗ್ರೀಸ್ ಮೆತ್ತಿದ ಅವಳ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡ. ಐದು ಬೆರಳೂ ಅಲ್ಲಿ ಕಪ್ಪಗೆ ಮೂಡಿದವು. ಒರೆಸಲು ಹೋದ ಅವಳನ್ನು ಬಿಡಲಿಲ್ಲ.

"ದೂರದ ಊರು ಆಮೇಲೆ. ನಾಳೆ ಪಕ್ಕದ ಊರಿನ ಶಾಲೆಯಲ್ಲಿ ಮಕ್ಕಳ ಕಣ್ಣು ನೋಡ್ಬೇಕು," ಎಂದ ಮೆಲ್ಲಗೆ. "ಬರ್ತೀಯಾ? ಸಂಜೆಗೆ ಇಲ್ಲೇ ವಾಪಸ್. ಇನ್ಮೇಲೆ ಯಾವ ಊರಿಗೆ ಹೋದ್ರೂ ಇಲ್ಲಿಗೇ ವಾಪಸ್."

"ಅಂಗಡಿ ಯಾರು ನೋಡ್ಕೋತಾರೆ?"

"ಹೋಗಿ ಬಾರೇ!" ಗಲ್ಲಾದಿಂದ ಅಜ್ಜಿ ಕೂಗಿದರು. ಕನ್ನಡಕ ಮತ್ತೆ ಮೂಗಿನ ಮೇಲಿತ್ತು. "ಭಾನುವಾರ ಯಾವನು ಟೈರ್ ಹಾಕಿಸ್ಕೋತಾನೆ?"

"ಅಜ್ಜೀ, ನಾಳೆ ಗುರುವಾರ!"

"ನಂಗೆ ಭಾನುವಾರ ಅನ್ನಿಸ್ತಿದೆ. ಅಂಗಡಿ ಯಾರದ್ದೇ, ನಂದಲ್ವಾ?"

ಚೂಟಿ ಎದ್ದು ಕೈ ಚಾಚಿ ಅವನನ್ನೂ ಎಬ್ಬಿಸಿದಳು. "ಬರ್ತೀನಿ. ಆದ್ರೆ ಕಾರು ನಾನು ಓಡಿಸ್ತೀನಿ."

"ಯಾಕೆ, ನಾನು ಓಡಿಸಿದ್ರೆ?"

"ನೀನು ರಸ್ತೆ ನೋಡಲ್ಲ," ಎಂದಳು. "ನನ್ನನ್ನೇ ನೋಡ್ತೀಯ."

ಅದಕ್ಕೆ ಅವನ ಬಳಿ ಯಾವ ತಕರಾರೂ ಇರಲಿಲ್ಲ. ಆಗಲೂ ಅವನು ಅದನ್ನೇ ಮಾಡುತ್ತಿದ್ದ.